ಸೆರೆಯಾದ ಹಡಗು



ನಮ್ಮ ಹಳೇಬೀಡಿನ ಹಳೆಯ ಹೆಸರು ದ್ವಾರಸಮುದ್ರ. ಅಲ್ಲಿರುವುದು ಕೆರೆ. ದೊಡ್ಡ ಕೆರೆ ಕಂಡರೆ ನಮ್ಮ ಹಿರಿಯರು ಸಮುದ್ರ ಅಂತಲೇ ಕರೆದರು. ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆಯ ನಮ್ಮಲ್ಲಿ ಎಷ್ಟೋ ಜನ ನಿಜವಾದ ಸಮುದ್ರ ನೋಡಿಲ್ಲ. ಆದರೆ ಬೇಲೂರಿನಿಂದ ಪಡುವಣಕ್ಕೆ ಹೋಗಿ ಘಟ್ಟ ಇಳಿದರೆ ಕರಾವಳಿ. ಆ ಕಡಲಲ್ಲಿ ನಡೆದ ಒಂದು ಸಂಗತಿಯನ್ನು ಇಂದು ಓದೋಣ. ಇದು ಕಟ್ಟುಕಥೆ ಅಲ್ಲ. 1783ರಲ್ಲಿ ನಡೆದದ್ದು.

ಗಾಳಿಯಿಂದ ನಡೆಯುವ ಹಡಗು

ಹಡಗಿನ ಹೆಸರು ರೇಂಜರ್. ಅದು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಹಡಗು. ಮುಂಬಯಿಯ ನೌಕಾದಳಕ್ಕೆ ಸೇರಿತ್ತು. ನೌಕಾದಳ ಅಂದ್ರೆ ಕಡಲಿನ ಸೈನ್ಯ. ರೇಂಜರ್ ಚಿಕ್ಕ ಹಡಗು. ಅದಕ್ಕೆ ಎರಡು ಕಂಬ. ಕಂಬಕ್ಕೆ ಕಟ್ಟಿದ ದೊಡ್ಡ ಬಟ್ಟೆಯೇ ಹಾಯಿ. ಹಡಗಿನ ಮೇಲೆ 12 ಫಿರಂಗಿಗಳು.

ಆಗ ಯಂತ್ರ ಇರಲಿಲ್ಲ. ಹಾಯಿಗೆ ಗಾಳಿ ತುಂಬಿದರೆ ಹಡಗು ಓಡುತ್ತಿತ್ತು. ನಾವು ರಾಗಿ ತೂರುವಾಗ ಗಾಳಿಗೆ ಕಾಯ್ತೀವಲ್ಲ, ಹಾಗೆಯೇ ನಾವಿಕರೂ ಕಾಯಬೇಕಿತ್ತು. ನಮ್ಮ ಸೀಮೆಯ ತೆಂಗಿನ ನಾರು ನಿಮಗೆ ಗೊತ್ತು. ಪಶ್ಚಿಮ ಕರಾವಳಿಯ ಹಡಗುಗಳಲ್ಲಿ ನಾರಿನ ಹಗ್ಗವನ್ನೇ ಬಳಸುತ್ತಿದ್ದರು.

ಹಡಗು ಹೊರಟದ್ದು ಏಕೆ?

ಆಗ ಮೈಸೂರಿಗೂ ಇಂಗ್ಲಿಷರಿಗೂ ಯುದ್ಧ ನಡೆದಿತ್ತು. 1782ರ ಡಿಸೆಂಬರಿನಲ್ಲಿ ಹೈದರ್ ಅಲಿ ತೀರಿಕೊಂಡನು. ಅವನ ಮಗ ಟಿಪ್ಪು ಪಟ್ಟಕ್ಕೆ ಬಂದನು. 1783ರ ಜನವರಿಯಲ್ಲಿ ಇಂಗ್ಲಿಷ್ ಸೇನಾಪತಿ ಮ್ಯಾಥ್ಯೂಸ್ ಬಿದನೂರನ್ನು ಹಿಡಿದನು. ಬಿದನೂರು ಅಂದ್ರೆ ಇಂದಿನ ಶಿವಮೊಗ್ಗ ಜಿಲ್ಲೆಯ ನಗರ. ಅಲ್ಲಿ ಸಿಕ್ಕ ಹಣದ ವಿಷಯಕ್ಕೆ ಇಂಗ್ಲಿಷ್ ಅಧಿಕಾರಿಗಳಲ್ಲೇ ಜಗಳ ಬಂತು. ಕೆಲವರು ಮುಂಬಯಿಗೆ ಹೋಗಿ ದೂರು ಕೊಟ್ಟರು. ಮುಂಬಯಿ ಸರ್ಕಾರ ಮ್ಯಾಥ್ಯೂಸನ ಜಾಗಕ್ಕೆ ಮ್ಯಾಕ್ಲಿಯಡ್ ಎಂಬುವನನ್ನು ನೇಮಿಸಿತು. ಏಪ್ರಿಲ್ ತಿಂಗಳ ಮೊದಲಲ್ಲಿ ಅವನು ರೇಂಜರ್ ಹತ್ತಿದನು. ಹಂಬರ್‌ಸ್ಟನ್, ಶಾ ಎಂಬ ಅಧಿಕಾರಿಗಳೂ ಜೊತೆಗಿದ್ದರು.

ಕಡಲಲ್ಲಿ ಕಾಳಗ

ಏಪ್ರಿಲ್ 8ರಂದು ಕೊಂಕಣದ ಕಡಲಲ್ಲಿ ಮರಾಠರ ಹಡಗುಗಳು ಎದುರಾದವು. ಅವರ ನಾಯಕ ಆನಂದರಾವ್ ಧುಳಪ್. ಅವನ ಬಳಿ ದೊಡ್ಡ ಹಡಗುಗಳಿದ್ದವು. ಗಲಬತ ಎಂಬ ದೋಣಿಗಳೂ ಇದ್ದವು. ಗಲಬತಕ್ಕೆ ಹಾಯಿಯೂ ಉಂಟು, ಹುಟ್ಟೂ ಉಂಟು. ಗಾಳಿ ನಿಂತರೂ ಹುಟ್ಟು ಹಾಕಿ ಮುಂದೆ ಬರಬಹುದು.

ಒಂಟಿ ಚಿಕ್ಕ ಹಡಗಿಗೆ ಹಲವು ಹಡಗುಗಳು ಮುತ್ತಿದವು. ಗಂಟೆಗಟ್ಟಲೆ ಹೋರಾಟ ನಡೆಯಿತು. ಶಾ ಸತ್ತನು. ಮ್ಯಾಕ್ಲಿಯಡ್, ಹಂಬರ್‌ಸ್ಟನ್ ಇಬ್ಬರಿಗೂ ಗಾಯವಾಯಿತು. ಕೊನೆಗೆ ರೇಂಜರ್ ಸೋತಿತು. ಗೆದ್ದವರು ಅದನ್ನು ಮುಳುಗಿಸಲಿಲ್ಲ. ಹಡಗು ಅಂದ್ರೆ ಮರ, ಹಾಯಿ, ಫಿರಂಗಿ, ಎಲ್ಲಕ್ಕೂ ಬೆಲೆ ಉಂಟು. ಆ ಕಾಲದಲ್ಲಿ ಸೆರೆ ಹಿಡಿದ ಹಡಗಿಗೆ ತಮ್ಮ ಬಾವುಟ ಏರಿಸಿ ಬಳಸುವುದು ವಾಡಿಕೆ. ರೇಂಜರ್ ಹಡಗನ್ನು ವಿಜಯದುರ್ಗದ ಕೋಟೆಗೆ ಒಯ್ದರು. ಹಂಬರ್‌ಸ್ಟನ್ ಆ ತಿಂಗಳ ಕೊನೆಯಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದನು.

ರಾಜಿ ಆಗಿತ್ತಲ್ಲ!

ಇಲ್ಲಿ ಒಂದು ಮಾತನ್ನು ನಾವು ಗಮನಿಸಬೇಕು. ಮರಾಠರಿಗೂ ಇಂಗ್ಲಿಷರಿಗೂ ಆಗಲೇ ರಾಜಿ ಆಗಿತ್ತು. 1782ರ ಮೇ 17ರಂದು ಸಾಲ್ಬಾಯಿ ಎಂಬಲ್ಲಿ ಒಪ್ಪಂದ ಬರೆದಿದ್ದರು. ಕಾಗದದಲ್ಲಿ ಶಾಂತಿ ಇತ್ತು. ಕಡಲಲ್ಲಿ ಇರಲಿಲ್ಲ. ಆಗ ತಂತಿ ಇಲ್ಲ, ಫೋನ್ ಇಲ್ಲ. ಸುದ್ದಿ ಕಾಲ್ನಡಿಗೆಯಲ್ಲಿ, ಕುದುರೆಯ ಮೇಲೆ, ಹಡಗಿನಲ್ಲಿ ಹೋಗಬೇಕಿತ್ತು. ಸುದ್ದಿ ಗೊತ್ತಿರಲಿ, ಗೊತ್ತಿಲ್ಲದೇ ಇರಲಿ, ಅಂದು ಆ ಒಪ್ಪಂದ ಯಾರ ಕೈಯನ್ನೂ ತಡೆಯಲಿಲ್ಲ.

ರಾಜಿ ಆದವರ ಹಡಗನ್ನು ಇಟ್ಟುಕೊಳ್ಳುವಂತಿಲ್ಲ. ಮೇ ತಿಂಗಳ ಕೊನೆಯಲ್ಲಿ ಹಡಗನ್ನೂ ಉಳಿದವರನ್ನೂ ಬಿಟ್ಟುಕೊಟ್ಟರು. ಸುಮಾರು 7 ವಾರದ ಸೆರೆ ಮುಗಿಸಿ ರೇಂಜರ್ ಮುಂಬಯಿಗೆ ಮರಳಿತು. ಒಪ್ಪಂದದಿಂದ ಹಡಗು ಬಂತು. ಸತ್ತವರು ಬರಲಿಲ್ಲ.

ಅಷ್ಟರಲ್ಲಿ ಬಿದನೂರು ಮತ್ತೆ ಟಿಪ್ಪುವಿನ ಕೈ ಸೇರಿತ್ತು. ಹೊಸ ಸೇನಾಪತಿ ಅಲ್ಲಿಗೆ ತಲುಪಲೇ ಇಲ್ಲ. ತಲುಪಿದ್ದರೆ ಇಂಗ್ಲಿಷರಿಗೆ ಕೋಟೆ ಉಳಿಯುತ್ತಿತ್ತು ಅಂತಲೂ ಹೇಳಲಾಗದು. ಟಿಪ್ಪುವಿನ ಸೈನ್ಯ ದೊಡ್ಡದಿತ್ತು. ಮ್ಯಾಥ್ಯೂಸ್ ಸೆರೆಯಲ್ಲೇ ಸತ್ತನು. ಯುದ್ಧ ಮಂಗಳೂರಿಗೆ ಹಬ್ಬಿತು. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದ ಆದಮೇಲೆ ಮೈಸೂರಿನ ಆ ಯುದ್ಧ ನಿಂತಿತು.

ನಮಗೆ ಇದರಿಂದ ಏನು?

ಕಾಗದಕ್ಕೆ ಬಲ ಉಂಟು. ಆದರೆ ಅದು ಸರಿಯಾದ ಕೈಗೆ, ಸರಿಯಾದ ಹೊತ್ತಿಗೆ ಬರಬೇಕು. ನಮ್ಮ ಊರಲ್ಲೂ ಹಾಗೆಯೇ ಅಲ್ವಾ? ಪಿಂಚಣಿ ಮಂಜೂರಾಗಿದೆ ಅಂತಾರೆ. ಜಮೀನಿನ ಖಾತೆ ಬದಲಾಗಿದೆ ಅಂತಾರೆ. ಬರಿ ಬಾಯಿಮಾತು ಕೇಳಿ ಸುಮ್ಮನಿರಬಾರದು. ಕಾಗದ ಕೇಳೋಣ. ಅದರಲ್ಲಿನ ಹೆಸರು, ತಾರೀಖು ನಾವೇ ಓದೋಣ. ಅದರಂತೆ ಕೆಲಸ ಆಯಿತೇ ಅಂತ ಹೋಗಿ ವಿಚಾರಿಸೋಣ.

ಓದಿ, ಮಾತಾಡಿ

1. ಗಲಬತಕ್ಕೆ ಹುಟ್ಟು ಇದ್ದದ್ದರಿಂದ ಏನು ಅನುಕೂಲ?
2. ರಾಜಿ ಆದಮೇಲೂ ಜನ ಸತ್ತರು. ಏಕೆ?
3. ತಡವಾಗಿ ಬಂದ ಕಾಗದದಿಂದ ನಿಮ್ಮ ಮನೆಯಲ್ಲಿ ತೊಂದರೆ ಆಗಿದೆಯೇ? ಗುಂಪಿನಲ್ಲಿ ಹೇಳಿ.