ಕಸಿಯ ನಂತರ ಮರಳುವ ಲಿವರ್ ಕ್ಯಾನ್ಸರ್: ರಕ್ತ ಮೊದಲೇ ಏನು ಹೇಳಬಲ್ಲದು?

ಇವತ್ತು ನಾನು ಎತ್ತಿಕೊಂಡಿರೋದು ಒಂದೇ ಪ್ರಶ್ನೆ. ಕ್ಯಾನ್ಸರ್ ಇದ್ದ ಲಿವರನ್ನು ಪೂರ್ತಿ ತೆಗೆದು ಹೊಸದನ್ನು ಕೂರಿಸಿದ ಮೇಲೂ ಕಾಯಿಲೆ ಮರಳಬಹುದು. ಅದನ್ನು ರಕ್ತಪರೀಕ್ಷೆಯಿಂದ ಮುಂಚೆಯೇ ಅಂದಾಜಿಸಬಹುದಾ?

ಮೊದಲು ಕಾರಣ ನೋಡೋಣ. ಕಸಿಗೆ ಮುನ್ನವೇ ಕೆಲವು ಗೆಡ್ಡೆಕೋಶಗಳು ರಕ್ತನಾಳಕ್ಕೆ ಇಳಿದು ಶ್ವಾಸಕೋಶದಲ್ಲೋ ಮೂಳೆಯಲ್ಲೋ ಕೂತಿರುತ್ತವೆ. ಕಸಿಯಾದ ಅಂಗವನ್ನು ಉಳಿಸಲು ಕೊಡುವ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಗಳಿಂದ ಅವುಗಳ ಮೇಲಿನ ಕಾವಲೂ ಸಡಿಲವಾಗುತ್ತದೆ.

1996ರಲ್ಲಿ ಮಜ್ಜಾಫೆರೊ ಮತ್ತು ಸಂಗಡಿಗರು ಮಿಲಾನ್ ಮಾನದಂಡ ಕೊಟ್ಟರು: 5 ಸೆಂ.ಮೀ. ಮೀರದ ಒಂದು ಗೆಡ್ಡೆ, ಇಲ್ಲವೇ ತಲಾ 3 ಸೆಂ.ಮೀ. ಮೀರದ ಮೂರರವರೆಗಿನ ಗೆಡ್ಡೆಗಳು. ಇದು ಗಾತ್ರ, ಎಣಿಕೆಯ ಲೆಕ್ಕ. ಗೆಡ್ಡೆಯ ಸ್ವಭಾವ ಸ್ಕ್ಯಾನ್‌ನಲ್ಲಿ ಅಷ್ಟಾಗಿ ಕಾಣಲ್ಲ. ಅದರ ಸುಳಿವು ರಕ್ತದಲ್ಲಿ ಸಿಗುತ್ತೆ.

ಹಳೆಯ ಗುರುತು ಎಎಫ್‌ಪಿ, ಅಂದ್ರೆ ಆಲ್ಫಾ ಫೀಟೊಪ್ರೋಟೀನ್. ಭ್ರೂಣದ ಲಿವರ್ ತಯಾರಿಸುವ ಈ ಪ್ರೋಟೀನನ್ನು ಹಲವು ಗೆಡ್ಡೆಗಳು ಮತ್ತೆ ತಯಾರಿಸುತ್ತವೆ. 2017ರ ರಿಟ್ರೀಟ್ ಅಂಕಪಟ್ಟಿ ಇದನ್ನು ಇನ್ನೆರಡು ಅಂಶಗಳ ಜೊತೆ ಕೂಡಿಸುತ್ತೆ. ಒಂದು ಉದಾಹರಣೆ ಹಾಕಿ ನೋಡೋಣ. ಇಬ್ಬರು ರೋಗಿಗಳು, ಇಬ್ಬರಿಗೂ 3 ಸೆಂ.ಮೀ.ನ ಒಂದೇ ಜೀವಂತ ಗೆಡ್ಡೆ. ಇಬ್ಬರೂ ಮಿಲಾನ್ ಒಳಗೇ. ಗಾತ್ರ 3, ಸಂಖ್ಯೆ 1, ಕೂಡಿದರೆ 4: ಅದಕ್ಕೆ 1 ಅಂಕ. ಮೊದಲನೆಯವರ ಎಎಫ್‌ಪಿ ಮಿ.ಲೀ.ಗೆ 15 ನ್ಯಾನೊಗ್ರಾಂ, ಸೂಕ್ಷ್ಮ ರಕ್ತನಾಳಕ್ಕೆ ಗೆಡ್ಡೆ ನುಗ್ಗಿಲ್ಲ: ಒಟ್ಟು 1. ಎರಡನೆಯವರ ಎಎಫ್‌ಪಿ 150, ಅದಕ್ಕೆ 2. ನಾಳಕ್ಕೆ ನುಗ್ಗಿದೆ, ಅದಕ್ಕೆ 2: ಒಟ್ಟು 5. ಸೊನ್ನೆ ಅಂಕದವರಲ್ಲಿ ಐದು ವರ್ಷದ ಮರುಕಳಿಕೆ ಶೇ. 3ಕ್ಕಿಂತ ಕಡಿಮೆ, 5 ಮತ್ತು ಮೇಲಿನವರಲ್ಲಿ ಶೇ. 75ಕ್ಕಿಂತ ಹೆಚ್ಚು.

ತೊಡಕು ಇಲ್ಲೇ ಇದೆ. ನಾಳಕ್ಕೆ ನುಗ್ಗಿರೋದು ಖಚಿತವಾಗೋದು ತೆಗೆದ ಲಿವರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ, ಅಂದ್ರೆ ಕಸಿ ಮುಗಿದ ಮೇಲೆ. ಅದಕ್ಕೇ ಪಿವ್ಕಾ-2 ಮುಖ್ಯ. ಅದರ ಏರಿಕೆಗೂ ನಾಳಕ್ಕೆ ನುಗ್ಗುವಿಕೆಗೂ ನಂಟಿದೆ. ಜಪಾನಿನ ಕ್ಯೋಟೊ ಮಾನದಂಡ ಅದನ್ನು ಕಸಿಗೆ ಮುಂಚೆಯೇ ಬಳಸುತ್ತೆ. ಆದರೆ ವಾರ್ಫರಿನ್ ತಗೊಳ್ಳುವವರಲ್ಲಿ, ವಿಟಮಿನ್ ಕೆ ಕೊರತೆ ಇರುವವರಲ್ಲಿ ಗೆಡ್ಡೆ ಇಲ್ಲದಿದ್ದರೂ ಪಿವ್ಕಾ-2 ಏರುತ್ತೆ. ಎಎಫ್‌ಪಿಯನ್ನೂ ಎಲ್ಲ ಗೆಡ್ಡೆಗಳು ತಯಾರಿಸಲ್ಲ. ಸಾಮಾನ್ಯ ಮಟ್ಟ ಅಂದರೆ ಅಪಾಯ ಇಲ್ಲ ಅಂತಲ್ಲ.

ಇದು ಬರೀ ಅಂಕಿಯ ಆಟ ಅಲ್ಲ. ಭಾರತದಲ್ಲಿ ಲಿವರ್ ಕಸಿ ಹೆಚ್ಚಾಗಿ ಜೀವಂತ ದಾನಿಯಿಂದ ಆಗೋದು. ಮಗನೋ ಹೆಂಡತಿಯೋ ತಮ್ಮ ಲಿವರಿನ ಭಾಗ ಕೊಡ್ತಾರೆ. ಅವರ ಆರೋಗ್ಯವಂತ ದೇಹಕ್ಕೂ ಕತ್ತರಿ ಬೀಳುತ್ತೆ. ಮರುಕಳಿಕೆಯ ಅಂದಾಜನ್ನು ರೋಗಿಯ ಜೊತೆ ದಾನಿಗೂ ಸಹಿ ಹಾಕುವ ಮುನ್ನವೇ ತಿಳಿಸಬೇಕು ಅನ್ನೋದು ನನ್ನ ವಾದ.

ಇನ್ನು ನಮ್ಮ ಮಾಗನೂರಿನ ಲೆಕ್ಕ. ಕೃಷ್ಣೆ ದಾಟಿದರೆ ರಾಯಚೂರು. ಕಸಿ ಕೇಂದ್ರಕ್ಕೆ ಮಾತ್ರ ಹೈದರಾಬಾದಿಗೇ ಹೋಗಬೇಕು. ಪ್ರತಿ ಸಲ ಸ್ಕ್ಯಾನ್‌ಗೆ ಅಷ್ಟು ದೂರ ಅಂದ್ರೆ ಒಂದು ದಿನದ ಕೂಲಿ ಹೋಯ್ತು. ರಕ್ತದ ಮಾದರಿಯನ್ನು ಹತ್ತಿರದಲ್ಲೇ ಕೊಡಬಹುದು. ಸಾಧ್ಯವಾದಷ್ಟೂ ಒಂದೇ ಲ್ಯಾಬಿನಲ್ಲಿ, ಒಂದೇ ವಿಧಾನದಲ್ಲಿ ಮಾಡಿಸಿ. ಒಂದು ಅಂಕಿಗಿಂತ ಏರಿಳಿತದ ಗೆರೆ ಹೆಚ್ಚು ಹೇಳುತ್ತೆ. ಆದರೆ ರಕ್ತ ಸ್ಕ್ಯಾನ್‌ಗೆ ಬದಲಿ ಅಲ್ಲ. ಗೆರೆ ಏರಿದಾಗ ತಡಮಾಡದೆ ಹೈದರಾಬಾದ್ ಬಸ್ ಹತ್ತಬೇಕು. ಮರುಕಳಿಕೆ ಒಂದೇ ಕಡೆ ಚಿಕ್ಕದಾಗಿದ್ದಾಗ ಸಿಕ್ಕರೆ ಕೆಲವರಲ್ಲಿ ಶಸ್ತ್ರಚಿಕಿತ್ಸೆ ಇನ್ನೂ ಸಾಧ್ಯ.

ಇಷ್ಟು ನನ್ನ ಮಾತು. ಪ್ರಶ್ನೆಗಳಿದ್ರೆ ಕೇಳಿ.