ಒಲೆ ಆರಿದ ಮೇಲಿನ ಮಾತು

ರಾತ್ರಿ ಹನ್ನೊಂದಕ್ಕೆ ಕಾಚಿಗುಡದ ಹೋಟೆಲುಗಳ ಬಾಗಿಲು ಎಳೆದ ಮೇಲೆ ಒಳಗೆ ಇನ್ನೊಂದು ಸಭೆ ಸೇರುತ್ತದೆ. ಅದಕ್ಕೆ ಅಧ್ಯಕ್ಷರಿಲ್ಲ, ವಂದನಾರ್ಪಣೆಯೂ ಇಲ್ಲ. ದೋಸೆಕಲ್ಲು ತಣಿಯುತ್ತಿರುವಾಗ ಕುಂದಾಪುರದ ಕಡೆಯ ಅಡಿಗೆ ಭಟ್ಟರು ಬೀದರದ ಮಾಣಿಯನ್ನು ಕೇಳುತ್ತಾರೆ: "ಮಗುವಿಗೆ ನಿನ್ನೆಯಿಂದ ಭೇದಿಯಂತೆ. ಮನೆಗೆ ಏನು ಹೇಳಲಿ?"

ಮಾಣಿ ಮೂರು ಮಕ್ಕಳ ತಂದೆ. ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸಬೇಕು, ಎದೆಹಾಲು ನಿಲ್ಲಿಸಬಾರದು, ಮಗು ಮಂಕಾದರೆ ರಾತ್ರಿಯೆನ್ನದೆ ಆಸ್ಪತ್ರೆಗೆ ಒಯ್ಯಬೇಕು. ನೂರು ಜನರ ಸಾರಿಗೆ ಕೈಯಳತೆಯಲ್ಲೇ ಉಪ್ಪು ಹಾಕುವ ಭಟ್ಟರು ಈ ಅರ್ಧ ಚಮಚವನ್ನು ಮೂರು ಸಲ ಕೇಳಿ ಖಚಿತಪಡಿಸಿಕೊಂಡುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಕಚೇರಿಯ ಗುಮಾಸ್ತರ ಪ್ರಶ್ನೆಗಳು ಬೇರೆ. 2018ರ ಕಾಯಿದೆಯಿಂದ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯವಾಯಿತು. ತೆಲುಗು ಓದಲಾರದ ತಂದೆ ಮಗಳ ಮನೆಪಾಠವನ್ನು ಹೇಗೆ ನೋಡಬೇಕು? ಮನೆಯಲ್ಲಿ ಕನ್ನಡವನ್ನು ಯಾವಾಗ ಕಲಿಸಬೇಕು? ಇದಕ್ಕೂ ಉತ್ತರ ದೊರೆಯುವುದು ಮುಂಚೆ ಆ ದಾರಿ ತುಳಿದ ಇನ್ನೊಬ್ಬ ತಂದೆಯಿಂದಲೇ.

ಹೋಟೆಲಿನವನ ಪಿತೃಧರ್ಮ ಊರಿಗೆ ಹಣ ಕಳಿಸುವುದರೊಂದಿಗೆ ಮುಗಿಯಿತೆಂದು ಹೇಳುವವರುಂಟು. ಅಮೆರಿಕದ ಕಪ್ಪು ಜನಾಂಗದ ತಂದೆಯರಿಗೂ ಇಂಥದೇ ಅಪವಾದವಿದೆ. ಆದರೆ ಅಲ್ಲಿನ ಸರ್ಕಾರದ ಆರೋಗ್ಯ ಅಂಕಿಅಂಶ ಕೇಂದ್ರವು 2013ರಲ್ಲಿ ಪ್ರಕಟಿಸಿದ ವರದಿಯಂತೆ, ಐದು ವರ್ಷದೊಳಗಿನ ಮಕ್ಕಳೊಡನೆ ವಾಸಿಸುವ ಕಪ್ಪು ತಂದೆಯರಲ್ಲಿ ನೂರಕ್ಕೆ 70 ಮಂದಿ ದಿನವೂ ಮಗುವಿನ ಸ್ನಾನ, ಬಟ್ಟೆಬರೆ ನೋಡಿಕೊಳ್ಳುತ್ತಿದ್ದರು. ಬಿಳಿಯರಲ್ಲಿ 60 ಮಂದಿ. ಅವರೂ ಕೂಡಿ ಕುಳಿತು ಕೇಳಿಕೊಳ್ಳುತ್ತಾರೆ: ಮಗಳ ಗುಂಗುರು ಕೂದಲಿಗೆ ಜಡೆ ಹೆಣೆಯುವುದು ಹೇಗೆ, ಪೊಲೀಸರು ತಡೆದಾಗ ಹೇಗೆ ನಡೆದುಕೊಳ್ಳಬೇಕೆಂದು ಮಗನಿಗೆ ಹೇಳುವುದು ಯಾವ ವಯಸ್ಸಿನಲ್ಲಿ?

ಕೇಂದ್ರ ಸರ್ಕಾರದ ಗುಮಾಸ್ತನಿಗೆ 1997ರಿಂದ, ಮೊದಲಿನ ಎರಡು ಮಕ್ಕಳ ಮಟ್ಟಿಗೆ, 15 ದಿನಗಳ ಪಿತೃತ್ವ ರಜೆಯುಂಟು. ಹೋಟೆಲಿನ ಮಾಣಿಗೆ ಇರುವುದು ಧಣಿಯ ಮರ್ಜಿ ಮಾತ್ರ. ಧಣಿಗಳನ್ನು ದೂರುವ ಮುನ್ನ ನಮ್ಮ ಲೆಕ್ಕವನ್ನೇ ಒಪ್ಪಿಸುವುದು ಮೇಲು. ನಾವು ಹೋಟೆಲು ನಡೆಸುತ್ತಿದ್ದಾಗ, ಹೆಂಡತಿಯ ಹೆರಿಗೆಗೆಂದು ಹತ್ತು ದಿನ ಬೇಡಿದವನಿಗೆ ದಸರೆಯ ಗಿರಾಕಿಗಳ ನೆಪ ಹೇಳಿ ಮೂರೇ ದಿನ ಕೊಟ್ಟೆವು. ಅವನು ತುಟಿಪಿಟಕ್ಕೆನ್ನದೆ ಹಿಂತಿರುಗಿದ. ಒಳ್ಳೆಯ ಕೆಲಸಗಾರನೆಂದು ಮೆಚ್ಚಿಕೊಂಡೆವು, ಅಷ್ಟೇ.

ವರ್ಷದ ಮೇಲೆ ಊರಿಗೆ ಹೋಗಿಬಂದವನು ಒಲೆಯ ಬಳಿ ಹೇಳುತ್ತಿದ್ದುದು ಗಲ್ಲಾದಲ್ಲಿದ್ದ ನಮ್ಮ ಕಿವಿಗೂ ಬಿತ್ತು: "ನನ್ನನ್ನು ಕಂಡರೆ ಮಗು ಕಿಟ್ಟನೆ ಕಿರುಚುತ್ತದೆ." ಮುದುಕ ಅಡಿಗೆಯವರೊಬ್ಬರೆಂದರು: "ಎತ್ತಿಕೊಳ್ಳಲು ಹೋಗಬೇಡ. ಅದರೆದುರು ಕುಳಿತು ಏನಾದರೂ ಕೆಲಸ ಮಾಡು. ತಾನೇ ಬರುತ್ತದೆ."

ಮುಂದಿನ ಸಲ ಅವನು ಅಂಗಳದಲ್ಲಿ ಕುಳಿತು ತೆಂಗಿನಕಾಯಿ ಸುಲಿದನಂತೆ. ಮೂರನೆಯ ದಿನ ಮಗು ಬಂದು ಅವನ ಬೈರಾಸಿನ ತುದಿ ಹಿಡಿಯಿತಂತೆ. ಆ ಸಲ ನಾವು ಕೊಟ್ಟಿದ್ದ ರಜೆ ನಾಲ್ಕು ದಿನ.