ಚರಂಡಿಯ ರಾಡಿ: ಕಸವೋ, ಗೊಬ್ಬರವೋ?

ಕಥೆ, ಕವನ, ನಾಟಕ ವಿಮರ್ಶೆಗಳ ನಡುವೆ ಈ ಚರಂಡಿಯ ಮಾತು ಯಾಕಪ್ಪಾ ಬಂತು ಎಂದು ಕೆಲವರು ಮೂಗು ಮುಚ್ಚಿಕೊಳ್ಳಬಹುದು. ಮುಚ್ಚಿಕೊಳ್ಳಲಿ, ಆದರೆ ಪುಟ ಮಾತ್ರ ತಿರುಗಿಸಬೇಡಿ. ನಮ್ಮ ಸಂಘದಲ್ಲಿ ಆರ್ಟ್ಸ್ ಓದುವವರೇ ಹೆಚ್ಚು, ನನ್ನಂಥ ಸೈನ್ಸಿನವರು ಬೆರಳೆಣಿಕೆಯಷ್ಟು. "ನಿಮ್ಮ ಸಬ್ಜೆಕ್ಟಿನದೇ ಏನಾದ್ರೂ ಬರೀರಿ, ಆದ್ರೆ ನಮಗೂ ತಿಳಿಯೋ ಹಾಗೆ ಬರೀರಿ" ಎಂದು ಸಂಪಾದಕರು ಹೇಳಿದ್ದರಿಂದ, ನಾವೆಲ್ಲ ದಿನವೂ ಫ್ಲಷ್ ಮಾಡಿ ಮರೆತುಬಿಡುವ ವಸ್ತುವನ್ನೇ ಆರಿಸಿಕೊಂಡಿದ್ದೇನೆ.

ಮೊದಲು ಲೆಕ್ಕ ನೋಡೋಣ. ಸಾವಿರ ಲೀಟರ್ ಕೊಳಚೆ ನೀರಿನಲ್ಲಿ ಸುಮಾರು 999 ಲೀಟರ್ ಬರೀ ನೀರು. ಉಳಿದದ್ದು ಹೆಚ್ಚುಕಡಿಮೆ ಒಂದು ಕಿಲೋ ಘನವಸ್ತು. ಅಷ್ಟಕ್ಕೇ ಇಷ್ಟೊಂದು ವಾಸನೆ, ಇಷ್ಟೊಂದು ರೋಗ! ಶುದ್ಧೀಕರಣ ಸ್ಥಾವರದಲ್ಲಿ ನೀರನ್ನು ದೊಡ್ಡ ತೊಟ್ಟಿಗಳಲ್ಲಿ ನಿಧಾನವಾಗಿ ಹರಿಸುತ್ತಾರೆ. ಭಾರವಾದದ್ದು ತಳಕ್ಕೆ ಕೂರುತ್ತದೆ. ಆ ತಳದ ಬಗ್ಗಡಕ್ಕೇ ರಾಡಿ ಅಥವಾ ಸ್ಲಡ್ಜ್ ಎಂದು ಹೆಸರು. ಆದರೆ ನೀರಿನಲ್ಲಿ ಕರಗಿ ಕೂತ ಹೊಲಸು ತಾನಾಗಿ ತಳ ಸೇರುವುದಿಲ್ಲ. ಅದಕ್ಕೆ ಬ್ಯಾಕ್ಟೀರಿಯಾಗಳ ಸಹಾಯ ಬೇಕು.

ಇಲ್ಲಿಂದ ಕಥೆ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋಗುತ್ತದೆ. ಅಲ್ಲಿನ ಡೇವಿಹುಲ್ಮ್ ಸ್ಥಾವರದಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಕೊಳಚೆ ನೀರಿಗೆ ಗಾಳಿ ಊದಿ ನೋಡಿದರು. ನೀರು ತಿಳಿಯಾಗಲು ವಾರಗಟ್ಟಲೆ ಬೇಕಾಯಿತು. ಆದರೆ ತಿಳಿನೀರನ್ನು ಮಾತ್ರ ಬಸಿದು, ತಳದ ರಾಡಿಯನ್ನು ಎಸೆಯದೆ ಹಾಗೇ ಇಟ್ಟು, ಅದರ ಮೇಲೆ ಹೊಸ ಕೊಳಚೆ ಸುರಿದು ಮತ್ತೆ ಗಾಳಿ ಊದುತ್ತಾ ಹೋದಾಗ ಕಾಲ ಕಡಿಮೆಯಾಗುತ್ತಾ ಬಂತು, ಕೊನೆಗೆ ಕೆಲವೇ ಗಂಟೆಗಳಿಗೆ ಇಳಿಯಿತು. ಮೊಸರಿಗೆ ಹೆಪ್ಪು ಹಾಕುತ್ತೇವಲ್ಲ, ಹಾಗೇ. ಹಳೆಯ ರಾಡಿಯಲ್ಲಿ ಬ್ಯಾಕ್ಟೀರಿಯಾಗಳು ಸಿದ್ಧವಾಗಿ ಕೂತಿರುತ್ತವೆ. ಇದನ್ನು ಅವರು 1914ರಲ್ಲಿ ಪ್ರಕಟಿಸಿದರು. ಇಂದಿಗೂ ಜಗತ್ತಿನ ದೊಡ್ಡ ನಗರಗಳಲ್ಲಿ ಹೆಚ್ಚಾಗಿ ನಡೆಯುವುದು ಇದೇ ವಿಧಾನ.

ಇದರಲ್ಲಿ ಕನ್ನಡದವರಿಗೇನು ಸಂಬಂಧ ಅಂತೀರಾ? ಇದೆ. ಅವರಿಬ್ಬರಿಗೆ ದಾರಿ ತೋರಿಸಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಅವರನ್ನು ಕಾಡಿದ ಪ್ರಶ್ನೆ ನೀರನ್ನು ಶುದ್ಧಮಾಡುವುದು ಹೇಗೆ ಎಂಬುದಷ್ಟೇ ಅಲ್ಲ, ಅದರಲ್ಲಿರುವ ಸಾರಜನಕವನ್ನು ಪೋಲಾಗದಂತೆ ಮಣ್ಣಿಗೆ ಹಿಂತಿರುಗಿಸುವುದು ಹೇಗೆ ಎಂಬುದು. ಹೊಲದಿಂದ ಊಟದ ತಟ್ಟೆಗೆ ಬಂದ ಸಾರ ಮತ್ತೆ ಹೊಲಕ್ಕೆ ಹೋಗಬೇಕು. ನಮ್ಮ ಹಳ್ಳಿಯ ತಿಪ್ಪೆಗುಂಡಿಯ ತತ್ತ್ವವೂ ಅದೇ ತಾನೆ?

ಅದೇ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು 1939ರ ಹೊತ್ತಿಗೆ ರೂಪಿಸಿದ ಕಾಂಪೋಸ್ಟ್ ಕ್ರಮಕ್ಕೆ ಜಗತ್ತಿನಾದ್ಯಂತ ಪಠ್ಯಪುಸ್ತಕಗಳಲ್ಲಿ "ಬೆಂಗಳೂರು ವಿಧಾನ" ಎಂದೇ ಹೆಸರು. ಕ್ರಮ ಬಹಳ ಸರಳ. ಸುಮಾರು ಒಂದು ಮೀಟರ್ ಆಳದ ಕಂದಕ ತೋಡಬೇಕು. ಊರಿನ ಕಸ ಒಂದು ಪದರ, ಮಲ ಒಂದು ತೆಳು ಪದರ, ಮತ್ತೆ ಕಸ, ಹೀಗೆ ತುಂಬಿ ಮೇಲೆ ಮಣ್ಣು ಮುಚ್ಚಬೇಕು. ಮೊದಲ ಎಂಟು-ಹತ್ತು ದಿನ ಒಳಗೆ ಚೆನ್ನಾಗಿ ಕಾವು ಹುಟ್ಟುತ್ತದೆ, ಆಮೇಲೆ ಗಾಳಿಯಿಲ್ಲದೆ ನಿಧಾನವಾಗಿ ಕೊಳೆಯುತ್ತದೆ. ನಾಲ್ಕರಿಂದ ಆರು ತಿಂಗಳಿಗೆ ಗೊಬ್ಬರ ಸಿದ್ಧ. ಆಲ್ಬರ್ಟ್ ಹೋವರ್ಡರ "ಇಂದೋರ್ ವಿಧಾನ"ದಂತೆ ಇಲ್ಲಿ ಮಗುಚಿ ಹಾಕುವ ಕೆಲಸವಿಲ್ಲ.

ದೊಡ್ಡ ನಗರದ ರಾಡಿಗೆ ಕಂದಕ ಸಾಲದು. ಅದನ್ನು ಮುಚ್ಚಿದ ತೊಟ್ಟಿಗಳಲ್ಲಿ, ಸುಮಾರು 35 ಡಿಗ್ರಿ ಶಾಖದಲ್ಲಿ, ಗಾಳಿಯಾಡದಂತೆ ಎರಡು-ಮೂರು ವಾರ ಕೊಳೆಸುತ್ತಾರೆ. ಆಗ ಏಳುವ ಅನಿಲದಲ್ಲಿ ನೂರಕ್ಕೆ ಅರವತ್ತು ಪಾಲಿಗೂ ಹೆಚ್ಚು ಮೀಥೇನ್. ಅಂದರೆ ನಮ್ಮ ಗೋಬರ್ ಗ್ಯಾಸಿನ ದೊಡ್ಡಣ್ಣ. ಮಾಟುಂಗದ ಮೈಸೂರು ಅಸೋಸಿಯೇಶನ್ನಿಗೆ ನಾವು ನಾಟಕ ನೋಡಲು ಹೋಗುತ್ತೇವಲ್ಲ, ಅದೇ ಮಾಟುಂಗದ ಕುಷ್ಠರೋಗಿಗಳ ಆಶ್ರಮದಲ್ಲಿ 1897ರಲ್ಲೇ ಮಲದ ತೊಟ್ಟಿಯಿಂದ ಏಳುವ ಅನಿಲವನ್ನು ಹಿಡಿದು ಉಪಯೋಗಿಸಿದರೆಂದು ಬಯೋಗ್ಯಾಸಿನ ಚರಿತ್ರೆ ಬರೆದವರೆಲ್ಲ ಹೇಳುತ್ತಾರೆ. ಚೆನ್ನೈಯಲ್ಲಿ ಕೊಡುಂಗೈಯೂರು, ನೆಸಪಾಕ್ಕಂ ಮೊದಲಾದ ಸ್ಥಾವರಗಳಿಗೆ ಈ ಅನಿಲದಿಂದಲೇ ವಿದ್ಯುತ್ ತಯಾರಿಸುವ ಎಂಜಿನ್‌ಗಳನ್ನು ಕೂಡಿಸಿದ್ದಾರೆ.

ಅನಿಲ ಹೋದಮೇಲೆ ಉಳಿದದ್ದನ್ನು ಹಿಂಡಿ, ಒಣಗಿಸಿದರೆ ಕಪ್ಪು ಮಣ್ಣಿನಂಥ ಪುಡಿ. ಅದರಲ್ಲಿ ಸಾರಜನಕ ಇದೆ, ರಂಜಕ ಇದೆ. ಪೊಟ್ಯಾಷ್ ಮಾತ್ರ ಬಹುಪಾಲು ನೀರಿನ ಜೊತೆ ಹೊರಟುಹೋಗಿರುತ್ತದೆ. ಅಮೆರಿಕದ ಮಿಲ್ವಾಕಿ ನಗರದವರು ಇದನ್ನು "ಮಿಲಾರ್ಗನೈಟ್" ಎಂಬ ಹೆಸರಿನಲ್ಲಿ ಚೀಲಕ್ಕೆ ತುಂಬಿ 1926ರಿಂದ ಮಾರುತ್ತಾ ಬಂದಿದ್ದಾರೆ.

ಹಾಗಾದರೆ ಎಲ್ಲವನ್ನೂ ಹೊಲಕ್ಕೆ ಸುರಿದುಬಿಡೋಣವೇ? ತಾಳಿ. ಎರಡು ಅಪಾಯಗಳಿವೆ. ಒಂದು, ಜಂತುಹುಳುವಿನ ಮೊಟ್ಟೆ. ಬ್ಯಾಕ್ಟೀರಿಯಾಗಳು ಬಿಸಿಲಿಗೆ ಸತ್ತರೂ ಈ ಮೊಟ್ಟೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಇದಕ್ಕೆ ಮದ್ದೆಂದರೆ ಕಾವು. ಕಾಂಪೋಸ್ಟ್ ರಾಶಿಯನ್ನು 55 ಡಿಗ್ರಿಗೆ ಏರಿಸಿ, ಹೊರಗಿನದು ಒಳಗಾಗುವಂತೆ ಮಗುಚುತ್ತಾ, ಹದಿನೈದು ದಿನ ಕಾಯಬೇಕು. ಇನ್ನೊಂದು ಅಪಾಯ ಕ್ಯಾಡ್ಮಿಯಂ, ಸೀಸ, ಕ್ರೋಮಿಯಂನಂಥ ಲೋಹಗಳದ್ದು. ಇವು ಬರುವುದು ಹೆಚ್ಚಾಗಿ ನಮ್ಮ ಹೊಟ್ಟೆಯಿಂದಲ್ಲ, ಕಾರ್ಖಾನೆಗಳಿಂದ. ಎಷ್ಟು ಕಾಯಿಸಿದರೂ ಲೋಹ ಸಾಯುವುದಿಲ್ಲ. ಈ ಭಯಕ್ಕೇ ಸ್ವಿಟ್ಜರ್ಲೆಂಡ್ 2006ರ ಹೊತ್ತಿಗೆ ರಾಡಿಯನ್ನು ಹೊಲಕ್ಕೆ ಹಾಕುವುದನ್ನೇ ನಿಲ್ಲಿಸಿ ಸುಡತೊಡಗಿತು. ಆದರೆ ಸುಟ್ಟರೆ ರಂಜಕವೂ ಬೂದಿಯಲ್ಲಿ ಹೂತುಹೋಗುತ್ತದಲ್ಲ! ಅದನ್ನು ಹಿಂದಕ್ಕೆ ಪಡೆಯಲೇಬೇಕೆಂದು ಮತ್ತೊಂದು ನಿಯಮ ಮಾಡಬೇಕಾಯಿತು. ಸಾರಜನಕವನ್ನು ಗಾಳಿಯಿಂದ ತಯಾರಿಸಬಹುದು, ರಂಜಕಕ್ಕೆ ಮಾತ್ರ ಗಣಿಯ ಕಲ್ಲೇ ಗತಿ. ನಮ್ಮ ದೇಶ ಆ ಕಲ್ಲನ್ನು ಬಹುಪಾಲು ಮೊರಾಕ್ಕೊ, ಜೋರ್ಡಾನ್‌ಗಳಂಥ ದೇಶಗಳಿಂದ ಕೊಂಡು ತರುತ್ತದೆ. ಒಂದು ಕಡೆ ಹಡಗಿನಲ್ಲಿ ತರಿಸುವುದು, ಇನ್ನೊಂದು ಕಡೆ ಸಮುದ್ರಕ್ಕೆ ಚೆಲ್ಲುವುದು!

ಮೂರನೆಯ ವಿಷಯವೂ ಒಂದಿದೆ. ಅದು ಪಠ್ಯಪುಸ್ತಕದಲ್ಲಿ ಇರುವುದಿಲ್ಲ. ಈ ರಾಡಿಯನ್ನು ಮುಟ್ಟುವವರು ಯಾರು? "ಬೆಂಗಳೂರು ವಿಧಾನ"ದ ಕಂದಕಕ್ಕೆ ಮಲ ತಾನಾಗಿ ನಡೆದು ಬರುತ್ತಿರಲಿಲ್ಲ. ಯಾರೋ ಬುಟ್ಟಿಯಲ್ಲಿ, ತಲೆಯ ಮೇಲೆ ಹೊತ್ತು ತರುತ್ತಿದ್ದರು. 1973ರ ಬೂಸಾ ಗಲಾಟೆ ನಮ್ಮ ಸಾಹಿತ್ಯ ಚರ್ಚೆಗಳಲ್ಲಿ ಆಗಾಗ ಬರುತ್ತದೆ. ಕನ್ನಡ ಸಾಹಿತ್ಯ ಬೂಸಾ ಎಂದ ಬಿ. ಬಸವಲಿಂಗಪ್ಪನವರ ಮೇಲೆ ಕೋಪ ಮಾಡಿಕೊಂಡವರು ಬಹಳ. ಅದೇ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು ಎಂಬುದನ್ನು ನೆನೆಯುವವರು ಕಡಿಮೆ. ಇಡೀ ದೇಶಕ್ಕೆ 1993ರಲ್ಲಿ ಒಂದು, 2013ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು ಕಾಯ್ದೆ ಬಂತು. ಆದರೂ ಮ್ಯಾನ್‌ಹೋಲಿಗೆ ಇಳಿದು ವಿಷಗಾಳಿಗೆ ಸಾಯುವವರ ಸುದ್ದಿ ನಿಂತಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟು ಇಂಥ ಸಾವಿಗೆ ಕೊಡಬೇಕಾದ ಪರಿಹಾರವನ್ನು ಹತ್ತು ಲಕ್ಷದಿಂದ ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರ ಏರಿತು ಅಂದರೆ ಸಾವು ಇನ್ನೂ ಇದೆ ಅಂತಲೇ ಅರ್ಥ. "ಕಸದಿಂದ ರಸ" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕಸ ಒಬ್ಬರ ಪಾಲಿಗೆ, ರಸ ಇನ್ನೊಬ್ಬರ ಪಾಲಿಗೆ ಆದರೆ ಅದೆಂಥ ವಿಜ್ಞಾನ?

ಯಂತ್ರದಿಂದ ಈ ಕೆಲಸ ಆಗುವುದಿಲ್ಲವೇ? ಆಗುತ್ತದೆ. ಬೆಂಗಳೂರಿನ ಪಕ್ಕದ ದೇವನಹಳ್ಳಿಯಲ್ಲಿ 2015ರಿಂದ ಒಂದು ಪುಟ್ಟ ಸ್ಥಾವರವಿದೆ. ಲಾರಿಗಳು ಮನೆಗಳ ಗುಂಡಿಗಳಿಂದ ಮಲವನ್ನು ಪಂಪಿನಲ್ಲಿ ಹೀರಿ ತರುತ್ತವೆ. ಅದನ್ನು ಕೊಳೆಸಿ, ಒಣಗಿಸಿ, ಊರಿನ ಹಸಿಕಸದ ಜೊತೆ ಕಾಂಪೋಸ್ಟ್ ಮಾಡಿ ರೈತರಿಗೆ ಕೊಡುವ ಕ್ರಮ. ಆಚಾರ್ಯರ ಹಳೆಯ ಜೋಡಿಯೇ, ಊರಿನ ಕಸ ಮತ್ತು ಮಲ. ಆದರೆ ತಲೆಯ ಮೇಲಿನ ಬುಟ್ಟಿ ಇಲ್ಲ.

ಇನ್ನು ನಮ್ಮ ಮುಂಬಯಿ. ವರ್ಲಿ, ಬಾಂದ್ರಾಗಳಿಂದ ಮೂರು ಕಿಲೋಮೀಟರಿಗೂ ದೂರ ಸಮುದ್ರದೊಳಕ್ಕೆ ಕೊಳವೆ ಹಾಕಿ, ಮೇಲುಮೇಲಿನ ಕಸ ಜಾಲಿಸಿ ಉಳಿದದ್ದನ್ನು ಕಡಲಿಗೆ ಬಿಡುವುದೇ ಬಹಳ ವರ್ಷ ನಡೆದುಬಂದ ರೀತಿ. 2023ರ ಜನವರಿಯಲ್ಲಿ ಏಳು ಹೊಸ ಶುದ್ಧೀಕರಣ ಸ್ಥಾವರಗಳಿಗೆ ಶಂಕುಸ್ಥಾಪನೆ ಆಯಿತು. ಒಟ್ಟು ಸಾಮರ್ಥ್ಯ ದಿನಕ್ಕೆ ಸುಮಾರು 2,460 ದಶಲಕ್ಷ ಲೀಟರ್. ಒಳ್ಳೆಯದೇ. ಆದರೆ ನೀರು ಶುದ್ಧವಾದಷ್ಟೂ ರಾಡಿ ಹೆಚ್ಚುತ್ತದೆ. ಇದುವರೆಗೆ ಸಮುದ್ರದಲ್ಲಿ ಮರೆಯಾಗುತ್ತಿದ್ದದ್ದು ಇನ್ನುಮುಂದೆ ದಿನದಿನವೂ ನೆಲದ ಮೇಲೆ ರಾಶಿ ಬೀಳುತ್ತದೆ. ಅದನ್ನು ದೇವನಾರಿನಂಥ ಕಸದ ಗುಡ್ಡಕ್ಕೆ ಸುರಿಯುವುದೋ, ಅನಿಲ ತೆಗೆದು ಗೊಬ್ಬರ ಮಾಡುವುದೋ? ಕಾರ್ಖಾನೆಗಳ ಕೊಳಚೆಯನ್ನು ಮನೆಗಳ ಕೊಳಚೆಯೊಂದಿಗೆ ಬೆರೆಯದಂತೆ ಬೇರ್ಪಡಿಸುತ್ತೇವೋ ಇಲ್ಲವೋ? ಆ ರಾಶಿಯ ಬಳಿ ದುಡಿಯುವವರಿಗೆ ಕೈಗವಸು, ಬೂಟು, ತಕ್ಕ ಸಂಬಳ ಸಿಗುತ್ತದೋ ಇಲ್ಲವೋ? ಇವೆಲ್ಲ ಎಂಜಿನಿಯರುಗಳೊಬ್ಬರೇ ಉತ್ತರಿಸುವ ಪ್ರಶ್ನೆಗಳಲ್ಲ. ತೆರಿಗೆ ಕಟ್ಟುವವರು, ಓಟು ಹಾಕುವವರು ಕೇಳಬೇಕಾದವು. ಆರ್ಟ್ಸಿನವರೂ ಕೇಳಬಹುದು. ಮೂಗು ಮುಚ್ಚಿಕೊಂಡೇ ಕೇಳಿದರೂ ಅಡ್ಡಿಯಿಲ್ಲ!